ಮನಸ್ಸು ಹುಟ್ಟುವುದೇ ಸಮಾಜದಲ್ಲಿ ಎಂದು ಜಾರ್ಜ್ ಹರ್ಬರ್ಟ್ ಮೀಡ್ ಹೇಳಿದ್ದು ಯಾವ ಅರ್ಥದಲ್ಲಿ?

ಅಮೆರಿಕದ ತತ್ವಜ್ಞಾನಿ ಮೀಡ್ (1863–1931) ಶುರು ಮಾಡುವುದು ಮನಸ್ಸಿನಿಂದಲ್ಲ, ಕ್ರಿಯೆಯಿಂದ. ಪ್ರಚೋದನೆ, ಪ್ರತಿಕ್ರಿಯೆ ಎಂಬ ಬಿಡಿ ತುಂಡುಗಳನ್ನು ಅವನ ಸಹೋದ್ಯೋಗಿ, ತತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲೇ ಒಪ್ಪಿರಲಿಲ್ಲ. ಯಾವುದು ಪ್ರಚೋದನೆ ಎಂಬುದು ನಡೆಯುತ್ತಿರುವ ಕೆಲಸದೊಳಗೇ ತೀರ್ಮಾನವಾಗುತ್ತದೆ.

ಮಂಡ್ಯದ ಆಲೆಮನೆ ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಎಂದಿನಂತೆ ಕುದಿಯುತ್ತಿದ್ದರೆ ಪಾಕ ಹಿಡಿಯುವವನ ಕೈ ತಾನಾಗಿ ಆಡುತ್ತದೆ. ಪಾಕ ಕೈಕೊಟ್ಟಾಗ ಆ ಕೈ ನಿಲ್ಲುತ್ತದೆ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಉಂಡೆ ಕಟ್ಟುತ್ತದೆಯೇ ಎಂದು ನೋಡಿ, ಮುಂದೇನು ಎಂದು ಲೆಕ್ಕ ಹಾಕುವುದು ಆಗ. ಅಭ್ಯಾಸಕ್ಕೆ ತಡೆ ಬಿದ್ದಲ್ಲಿ ಯೋಚನೆ ಏಳುತ್ತದೆ.

ಯೋಚನೆಗೆ ಸಲಕರಣೆ ಎಲ್ಲಿಂದ? ಮೀಡ್‌ನ ದೊಡ್ಡ ಕೊಡುಗೆ ಇಲ್ಲಿದೆ. ಕಾದಾಡುವ ನಾಯಿಗಳು ಒಂದರ ಭಂಗಿಗೆ ಇನ್ನೊಂದು ತಿರುಗಿಬೀಳುತ್ತವೆ, ಆದರೆ ತನ್ನ ಭಂಗಿಯ ಅರ್ಥ ಯಾವುದಕ್ಕೂ ತಿಳಿಯದು. 'ಉರಿ ತಗ್ಗಿಸೋ' ಎಂದವನಾದರೋ ತನ್ನ ದನಿಯನ್ನು ತಾನೂ ಕೇಳುತ್ತಾನೆ. ಒಲೆಗೆ ಸೋಗೆ ಹಾಕುವವನಲ್ಲಿ ಏಳುವ ಪ್ರತಿಕ್ರಿಯೆಯ ಮೊಳಕೆ ಹೇಳಿದವನಲ್ಲೂ ಏಳುತ್ತದೆ. ಅರ್ಥ ಎಂದರೆ ಈ ಹಂಚಿಕೊಂಡ ಪ್ರತಿಕ್ರಿಯೆ. ಇದೇ ಮಾತುಕತೆ ಒಳಗೆ ನಡೆದರೆ ಯೋಚನೆ.

ಮಕ್ಕಳಲ್ಲಿ ಇದು ಹಂತಹಂತವಾಗಿ ಬೆಳೆಯುತ್ತದೆ. ಟೀಚರ್ ಆಟದಲ್ಲಿ ಒಂದು ಹೊತ್ತಿಗೆ ಒಂದೇ ಪಾತ್ರ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ಎದುರಿನ ಏಳೂ ಜನರ ನಿಲುವನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕು. ಹೀಗೆ ಸಂಘಟಿತವಾದ ಇತರರ ದೃಷ್ಟಿಯೇ 'ಸಾಮಾನ್ಯೀಕೃತ ಅನ್ಯ'.

ಸಮಾಜ ವ್ಯಕ್ತಿಯನ್ನು ಅಚ್ಚು ಹಾಕುತ್ತದೆ ಎಂದು ಇದನ್ನು ಓದುವುದು ತಪ್ಪು. ವ್ಯಕ್ತಿಯೊಳಗೆ ಇತರರ ನಿರೀಕ್ಷೆಗಳಿಂದಾದ 'ನನ್ನನ್ನು' (ಇಂಗ್ಲಿಷಿನ me) ಒಂದು ಕಡೆ. ಅದಕ್ಕೆ ಉತ್ತರ ಕೊಡುವ 'ನಾನು' (I) ಇನ್ನೊಂದು ಕಡೆ. ಆ ಉತ್ತರ ಏನಾಗಿರುತ್ತದೆ ಎಂಬುದು ಕೊಡುವ ತನಕ ಕೊಡುವವನಿಗೂ ಪೂರ್ತಿ ಗೊತ್ತಿರುವುದಿಲ್ಲ.