ಹುದ್ದೆ ಸಿಕ್ಕಿತು, ಮುಂದೇನು?

ಪ್ರಶ್ನೆ: ನನಗೆ 38 ವರ್ಷ. ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದವಳು. ಪಿಯುಸಿಯಲ್ಲಿ ಇತಿಹಾಸ ಕಲಿಸುತ್ತಿದ್ದ ಮೇಡಂ ಅವರನ್ನು ನೋಡಿ, ನಾನೂ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕಿಯಾಗಬೇಕೆಂದು ಆಗಲೇ ನಿಶ್ಚಯಿಸಿಕೊಂಡಿದ್ದೆ. ನನ್ನನ್ನು ಓದಿಸಲೆಂದು ಅಣ್ಣ ಎಸ್‌ಎಸ್‌ಎಲ್‌ಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೆ ಇಳಿದ. ಎಂ.ಎ., ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌, ವೀರಗಲ್ಲುಗಳನ್ನು ಕುರಿತ ಪಿಎಚ್‌.ಡಿ. ಎಲ್ಲವೂ ಒಂದೊಂದಾಗಿ ಆದವು. ಈ ನಡುವೆ ಹಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ, ಬರುವ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿಯೇ ದುಡಿದೆ. ಕೊನೆಗೆ ನೇಮಕಾತಿ ಪರೀಕ್ಷೆಯಲ್ಲಿ ಆಯ್ಕೆಯಾಗಿ, ಈಗ ಸೊರಬ ಸೀಮೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ.

ಆದೇಶ ಕೈಗೆ ಬಂದ ದಿನ ಅತ್ತಿದ್ದೆ. ಕೆಲವೇ ತಿಂಗಳಲ್ಲಿ ಆ ಸಂತೋಷ ಎಲ್ಲಿ ಹೋಯಿತೋ ತಿಳಿಯದು. ಈಗಲೂ ನಸುಕಿನ ನಾಲ್ಕಕ್ಕೆ ಎಚ್ಚರವಾಗುತ್ತದೆ, ಆದರೆ ಓದಬೇಕಾದದ್ದು ಏನೂ ಇಲ್ಲ. ಮಹಾಪ್ರಬಂಧವನ್ನು ಮೌಖಿಕ ಪರೀಕ್ಷೆಯ ನಂತರ ತೆರೆದಿಲ್ಲ. ಪಾಠ ಮಾಡುತ್ತೇನೆ, ಮನೆಗೆ ಬರುತ್ತೇನೆ. "ಇನ್ನೇನು ಬೇಕವ್ವಾ ನಿನಗೆ?" ಎಂದು ಅವ್ವ ಕೇಳಿದರೆ ಉತ್ತರವಿಲ್ಲ. ಅಣ್ಣನ ಮುಖ ನೋಡಿದಾಗ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಇನ್ನೊಂದು ಪರೀಕ್ಷೆ ಕಟ್ಟಲೇ, ಪೋಸ್ಟ್‌ ಡಾಕ್ಟರಲ್‌ ಸಂಶೋಧನೆಗೆ ಅರ್ಜಿ ಹಾಕಲೇ?

— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆ ಖಾಲಿತನಕ್ಕಿಂತ, ಅದಕ್ಕಾಗಿ ನೀವು ಪಡುತ್ತಿರುವ ಅಪರಾಧಿ ಭಾವ. ಮೊದಲು ಅದನ್ನು ಇಳಿಸಿಕೊಳ್ಳಿ. 2008ರ ಬೀಜಿಂಗ್‌ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದುಕೊಟ್ಟ ಶೂಟರ್‌ ಅಭಿನವ್‌ ಬಿಂದ್ರಾ, ತಮ್ಮ ಬದುಕಿನ ದೊಡ್ಡ ಮಾನಸಿಕ ಬಿಕ್ಕಟ್ಟು ಎದುರಾದದ್ದು ಸೋತಾಗಲ್ಲ, ಆ ಗೆಲುವಿನ ನಂತರ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಬಾಲ್ಯದಿಂದ ಒಂದೇ ಗುರಿಗೆ ಮೀಸಲಾಗಿದ್ದ ಮನಸ್ಸಿಗೆ, ಅದು ಕೈಸೇರಿದ ಮರುದಿನ ಯಾವ ಕಡೆಗೆ ತಿರುಗಬೇಕೆಂದು ತೋಚದೆ ಹೋಗುವುದು ಕೃತಘ್ನತೆಯಲ್ಲ.

ಇಪ್ಪತ್ತು ವರ್ಷ ನಿಮ್ಮ ಜೊತೆಗಿದ್ದ ಗುರಿ, ಮುಂದೆ ಸಿಗಲಿರುವ ಫಲವೊಂದನ್ನು ತೋರಿಸುವುದಷ್ಟನ್ನೇ ಮಾಡುತ್ತಿರಲಿಲ್ಲ. ಎಷ್ಟಕ್ಕೆ ಏಳಬೇಕು, ಯಾವ ಮದುವೆ ಮನೆಗೆ ಹೋಗಬಾರದು, ಯಾವ ಸ್ನೇಹವನ್ನು ಮುಂದೂಡಬೇಕು, ಯಾವ ನೋವಿಗೆ ಅಳಲು ಈಗ ಸಮಯವಿಲ್ಲ ಎಂಬುದನ್ನೆಲ್ಲ ನಿಮ್ಮ ಪರವಾಗಿ ಅದೇ ತೀರ್ಮಾನಿಸುತ್ತಿತ್ತು. ಈಗ ಆ ತೀರ್ಮಾನಗಳೆಲ್ಲ ಒಮ್ಮೆಲೇ ನಿಮ್ಮ ಕೈಗೆ ಬಂದಿವೆ. ಅತಿಥಿ ಉಪನ್ಯಾಸಕಿಯಾಗಿದ್ದ ವರ್ಷಗಳ ಅನಿಶ್ಚಯದ ದಣಿವೂ ಈಗಲೇ ಮೇಲೆ ಬರುತ್ತಿರಬಹುದು, ಏಕೆಂದರೆ ದಣಿಯಲು ಇಷ್ಟು ದಿನ ನಿಮಗೆ ಅವಕಾಶವೇ ಇರಲಿಲ್ಲ. ಆದ್ದರಿಂದ ಈ ಶೈಕ್ಷಣಿಕ ವರ್ಷವೊಂದನ್ನು ಯಾವ ಹೊಸ ಗುರಿಯನ್ನೂ ಹೊರದೆ ಕಳೆಯುವುದು ತಪ್ಪಲ್ಲವೆಂದು ನಾನು ಭಾವಿಸುತ್ತೇನೆ.

ಆದರೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಸುಕಿನಲ್ಲಿ ಎಚ್ಚರವಾಗುವುದು ಹಳೆಯ ಅಭ್ಯಾಸವಿರಬಹುದು, ಖಿನ್ನತೆಯ ಲಕ್ಷಣವೂ ಆಗಿರಬಹುದು. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಊಟ ರುಚಿಸದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಈ ಅಂಕಣದ ಸಲಹೆಯನ್ನು ಬದಿಗಿಟ್ಟು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಟೆಲಿ ಮಾನಸ್‌ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಇನ್ನು ನಿಮ್ಮ ನೇರ ಪ್ರಶ್ನೆ. ಮತ್ತೊಂದು ಪರೀಕ್ಷೆ ಈಗ ಬೇಡ. ಓದುವ ವಿಷಯದ ಮೇಲಿನ ಪ್ರೀತಿಗಾಗಿ ಅಲ್ಲದೆ, ನಾಲ್ಕು ಗಂಟೆಗೆ ಏಳಲು ಒಂದು ಕಾರಣ ಸಿಗಲೆಂದು ಅರ್ಜಿ ಹಾಕಿದರೆ, ಅದು ಮುಗಿದ ಮೇಲೆ ಇದೇ ಪ್ರಶ್ನೆಯನ್ನು ಇನ್ನೂ ಹೆಚ್ಚಿನ ಆಯಾಸದಲ್ಲಿ ಕೇಳಿಕೊಳ್ಳಬೇಕಾಗುತ್ತದೆ. ಬಡ್ತಿಯನ್ನು ಮುಂದಿನ ಗುರಿ ಎಂದುಕೊಳ್ಳುವುದೂ ಹೀಗೆಯೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪಿಎಚ್‌.ಡಿ. ಪಡೆದ ಸಹಾಯಕ ಪ್ರಾಧ್ಯಾಪಕರು ನಾಲ್ಕು ವರ್ಷದ ಸೇವೆಯ ನಂತರ 10ನೇ ವೇತನ ಹಂತದಿಂದ 11ನೇ ಹಂತಕ್ಕೆ ಹೋಗಲು ಅರ್ಹರಾಗುತ್ತಾರೆ. ನಿಗದಿತ ತರಬೇತಿಗಳನ್ನು ಪೂರೈಸುತ್ತಾ ಬಂದರೆ ಅದು ತನ್ನ ಕಾಲಕ್ಕೆ ಬರುತ್ತದೆ. ಅದಕ್ಕಾಗಿ ಬದುಕನ್ನೇ ಮೀಸಲಿಡುವ ಅಗತ್ಯವಿಲ್ಲ. ಪೋಸ್ಟ್‌ ಡಾಕ್ಟರಲ್‌ ಸಂಶೋಧನೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಕೇಳಿ ತೀರಬೇಕೆನ್ನಿಸುವ ಪ್ರಶ್ನೆಯೊಂದು ನಿಮ್ಮಲ್ಲಿ ಹುಟ್ಟಿದ ಮೇಲೆ ಅದರ ಮಾತು.

ಡಾ. ಎಚ್‌. ನರಸಿಂಹಯ್ಯನವರನ್ನು ಇಲ್ಲಿ ನೆನೆಯುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದು, ಅಮೆರಿಕದ ಓಹಿಯೋ ಸ್ಟೇಟ್‌ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್‌ ಪಡೆದವರು ಅವರು. ಆ ಕಾಲದಲ್ಲಿ ಅಷ್ಟು ಓದಿದವರಿಗೆ ಅಲ್ಲಿಯೇ ನಿಲ್ಲುವ ದಾರಿಯೂ ಇತ್ತು. ಅವರು ಬೆಂಗಳೂರಿನ ನ್ಯಾಷನಲ್‌ ಕಾಲೇಜಿಗೆ ಮರಳಿದರು, 1962ರಲ್ಲಿ ಬೆಂಗಳೂರು ಸೈನ್ಸ್‌ ಫೋರಂ ಆರಂಭಿಸಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಂತಹ ಹಿಂದುಳಿದ ತಾಲ್ಲೂಕುಗಳಲ್ಲಿ ಕಾಲೇಜು ಕಟ್ಟಲು ದುಡಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರ ವಾಸ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಗೇ ಸೇರಿತ್ತು. ಎಲ್ಲರೂ ಹಾಗೆ ಬದುಕಬೇಕೆಂದು ನಾನು ಹೇಳುತ್ತಿಲ್ಲ. ಪದವಿ ಕೈಸೇರಿದ ಮೇಲೆ ಅವರು ಇನ್ನೂ ಎತ್ತರದ ಪದವಿ ಯಾವುದೆಂದು ಹುಡುಕದೆ, ತಾವು ಹಾದು ಬಂದ ದಾರಿಯಲ್ಲಿ ಈಗ ಯಾರು ನಿಂತಿದ್ದಾರೆಂದು ನೋಡಿದರು ಎಂಬುದಷ್ಟೇ ನನ್ನ ಗಮನ ಸೆಳೆದ ಸಂಗತಿ.

ನಿಮ್ಮ ತರಗತಿಯಲ್ಲಿ ಕುಳಿತಿರುವವರು ಯಾರು? ಸರ್ಕಾರಿ ಪದವಿ ಕಾಲೇಜಿನ ಬಿ.ಎ. ತರಗತಿಗೆ ಬರುವವರಲ್ಲಿ ಅನೇಕರು ಬೆಳಿಗ್ಗೆ ಮನೆಗೆಲಸ ಮುಗಿಸಿ ಬಸ್ಸು ಹಿಡಿದು ಬರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಹುಡುಗಿಯರು. ಇತಿಹಾಸವೆಂದರೆ ದೆಹಲಿಯಲ್ಲೋ ಹಂಪಿಯಲ್ಲೋ ನಡೆದದ್ದು ಎಂಬ ಭಾವನೆ ಅವರದ್ದಾಗಿರಬಹುದು. ನೀವಿರುವ ನೆಲವಾದರೋ ನಿಮ್ಮ ಮಹಾಪ್ರಬಂಧದ ವಿಷಯವಾದ ವೀರಗಲ್ಲುಗಳನ್ನೇ ಹೊಲದ ಬದುಗಳಲ್ಲಿ, ಕೆರೆ ಏರಿಗಳ ಮೇಲೆ, ಗುಡಿಗಳ ಮುಂದೆ ನಿಲ್ಲಿಸಿಕೊಂಡಿದೆ. ಬಿ.ಎಲ್‌. ರೈಸ್‌ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಗಳ ಸಂಪುಟಮಾಲೆಯಲ್ಲಿ ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವು 1904ರ ಎಂಟನೆಯ ಸಂಪುಟದಲ್ಲಿಯೂ ಸೇರಿರುವುದು ನಿಮಗೆ ತಿಳಿದದ್ದೇ. ಆ ಸಂಪುಟಗಳಲ್ಲಿ ತನ್ನ ಊರಿನ ಹೆಸರನ್ನು ಕಾಣುವ ವಿದ್ಯಾರ್ಥಿನಿಗೆ ಅದು ಹೊಸ ಸುದ್ದಿ.

ಅವಳ ಊರಿನ ಕಲ್ಲಿನ ಮುಂದೆಯೇ ಅವಳನ್ನು ನಿಲ್ಲಿಸಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ಅವನು ಎಂದು ಓದುವುದನ್ನು ಕಲಿಸಿ. ಅವನು ಸತ್ತದ್ದು ತುರುಗೋಳಿನಲ್ಲಿಯೋ (ದನಗಳನ್ನು ಹೊಡೆದೊಯ್ಯುವ ದಾಳಿ) ಊರಳಿವಿನಲ್ಲಿಯೋ (ಊರಿನ ಮೇಲಿನ ದಾಳಿ, ನಾಶ) ಪೆಣ್ಬುಯ್ಯಲಿನಲ್ಲಿಯೋ (ಹೆಣ್ಣಿನ ರಕ್ಷಣೆಗಾಗಿ ನಡೆದ ಹೋರಾಟ) ಎಂದು ಗುರುತಿಸಲು ಹೇಳಿ. ರಾಜನ ಹೆಸರಿಗಿಂತ ಹಸುವಿಗಾಗಿ ಸತ್ತ ಊರಿನವನ ಹೆಸರು ಮುಖ್ಯವಾಗುವ ಇಂತಹ ಇತಿಹಾಸವನ್ನು ಕಲಿಸಲು ನಿಮ್ಮಷ್ಟು ಸಿದ್ಧರಾದವರು ಆ ಕಾಲೇಜಿನಲ್ಲಿ ಇನ್ನೊಬ್ಬರು ಇರಲಾರರು. ಅಲ್ಮೇರಾದಲ್ಲಿರುವ ಮಹಾಪ್ರಬಂಧ ಪರೀಕ್ಷಕರಿಗಾಗಿ ಬರೆದದ್ದು. ಆ ಊರುಗಳ ಜನ ಓದುವಂತೆ ಅದನ್ನು ಮತ್ತೆ ಬರೆಯುವುದು ಇನ್ನೂ ಬಾಕಿ ಇದೆ, ಅದಕ್ಕೆ ಹಲವು ವರ್ಷಗಳೇ ಬೇಕು. ಇದರಲ್ಲಿ ಆಯ್ಕೆ ಪಟ್ಟಿ ಇಲ್ಲ, ಅಂಕವಿಲ್ಲ, ಮುಗಿಯಿತೆಂದು ಯಾರೂ ಆದೇಶ ಕೊಡುವುದಿಲ್ಲ. ಮೊದಮೊದಲು ಅದು ನಿಮಗೆ ಕಸಿವಿಸಿ ತಂದೀತು. ಪರೀಕ್ಷೆಗಳ ಲೆಕ್ಕದಲ್ಲಿಯೇ ಬೆಳೆದವರಿಗೆ ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳುವುದು ರೂಢಿಯಾಗಲು ಸಮಯ ಹಿಡಿಯುತ್ತದೆ.

ಅಣ್ಣನ ವಿಷಯವನ್ನು ನೀವು ಎರಡೇ ವಾಕ್ಯಗಳಲ್ಲಿ ಬರೆದಿದ್ದೀರಿ, ಆದರೆ ಪತ್ರದ ಭಾರವೆಲ್ಲ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸಿತು. ನಿಮ್ಮ ಗುರಿಯೊಳಗೆ ಅವರ ಬಿಟ್ಟುಹೋದ ಶಾಲೆಯೂ ಸೇರಿತ್ತು. ಆದ್ದರಿಂದಲೇ ನೀವು ಸಂತೋಷವಾಗಿಲ್ಲದಿರುವುದು ಅವರಿಗೆ ಬಗೆದ ದ್ರೋಹದಂತೆ ಕಾಣುತ್ತಿದೆ. ಹಣ ಕೊಟ್ಟು ಈ ಋಣ ತೀರಿಸಲು ಹೊರಡುವ ಮುನ್ನ, ಅವರಿಗೆ ಅದರ ಬಗ್ಗೆ ಏನನ್ನಿಸುತ್ತದೆಂದು ಒಮ್ಮೆ ಕೇಳಿ. ಅವರಲ್ಲಿ ನೋವಿರಬಹುದು, ಹೆಮ್ಮೆ ಮಾತ್ರವೇ ಇರಬಹುದು, ಅಥವಾ ಮಕ್ಕಳ ಓದಿನ ಬಗ್ಗೆ ನಿಮ್ಮಿಂದ ಕೇಳಬೇಕೆಂದಿರುವ ಸಹಾಯವೊಂದು ಸಂಕೋಚದಿಂದ ಹಾಗೆಯೇ ಉಳಿದಿರಬಹುದು. ಒಂದು ದಿನ ಅವರನ್ನು ಕಾಲೇಜಿಗೆ ಕರೆದುಕೊಂಡು ಬಂದು ನೀವು ಪಾಠ ಮಾಡುವ ಕೊಠಡಿಯನ್ನು ತೋರಿಸಿ. ಅವ್ವನ ಪ್ರಶ್ನೆಗೆ ಈಗಲೇ ಉತ್ತರ ಕೊಡಬೇಕಾಗಿಲ್ಲ.

ಕೆಲಸವನ್ನು ಚಿಕ್ಕದಾಗಿ ಆರಂಭಿಸಿ. ಮೊದಲ ವರ್ಷ ಒಂದು ಊರು, ಆಸಕ್ತಿಯಿರುವ ಐದಾರು ವಿದ್ಯಾರ್ಥಿಗಳು ಸಾಕು. ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆಯಿರಿ, ಊರಿನ ಹಿರಿಯರಿಗೆ ಮೊದಲೇ ತಿಳಿಸಿ. ಕಲ್ಲುಗಳನ್ನು ಇದ್ದ ಜಾಗದಿಂದ ಕದಲಿಸದೆ, ಬಣ್ಣ ಬಳಿಯಲು ಬಿಡದೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರ ತೆಗೆಸಿ. ಆಗ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಅಪ್ರಕಟಿತವೆಂದು ತೋರುವ ಕಲ್ಲು ಸಿಕ್ಕರೆ ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸಿ, ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನಕ್ಕೆ ಪ್ರಬಂಧ ಬರೆಯಿರಿ. ಕಲ್ಲನ್ನು ಮೊದಲು ಗುರುತಿಸಿದ ವಿದ್ಯಾರ್ಥಿನಿಯ ಹೆಸರು ಆ ಪ್ರಬಂಧದಲ್ಲಿ ನಿಮ್ಮ ಹೆಸರಿನ ಜೊತೆಗೆ ಇರಲಿ.