ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೋಳಿ ಸಾಕಬಹುದಾ?

ಮನೆಯಲ್ಲಿ ಆಗಲೇ ನಾಯಿ, ಬೆಕ್ಕು ಇವೆ, ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕುವ ಆಸೆ, ಎಲ್ಲವೂ ಹೊಂದಿಕೊಂಡು ಇರುತ್ತವಾ ಅಂತ ಕೇಳಿದ್ದೀರಿ. ಇರುತ್ತವೆ. ಆದರೆ ಅವುಗಳ ಮಧ್ಯೆ ಸ್ನೇಹ ಬೆಳೆಸಲು ಹೋಗಬೇಡಿ. ನಾಯಿಯ ಬೆನ್ನೇರಿ ಕೂತ ಕೋಳಿಯ ಫೋಟೋ ಚೆಂದ, ನಿಜ. ದಿನನಿತ್ಯದ ಬದುಕಿಗೆ ಬೇಕಾಗಿರುವುದು ಬೇರೆ. ಕೋಳಿ ಎದುರಿಗೆ ಹಾದುಹೋದರೂ ನಾಯಿ ಆಕಳಿಸಿ ಆ ಕಡೆ ತಿರುಗಿ ಮಲಗಬೇಕು. ಅಷ್ಟಾದರೆ ಸಾಕು.

ಎಲ್ಲರೂ ಮೊದಲು ಹೆದರುವುದು ಬೆಕ್ಕಿಗೆ. ಆದರೆ ದೊಡ್ಡ ಹೇಟೆಯ ತಂಟೆಗೆ ಬೆಕ್ಕು ಹೋಗುವುದು ಕಡಿಮೆ. ನಮ್ಮ ಬೆಕ್ಕು ಒಮ್ಮೆ ಮೂಗಿಗೆ ಕುಕ್ಕಿಸಿಕೊಂಡ ಮೇಲೆ ಕೋಳಿಗಳನ್ನು ಕಂಡರೆ ಸುತ್ತು ಹಾಕಿಯೇ ಹೋಗುತ್ತದೆ. ಮರಿಗಳ ವಿಷಯ ಹಾಗಲ್ಲ, ಅವು ಬೆಕ್ಕಿಗೆ ಬೇಟೆಯೇ. ಪುಕ್ಕ ಬಂದು ಮೈ ತುಂಬುವವರೆಗೆ ಜಾಲರಿಯ ಒಳಗೇ ಇರಲಿ. ಬೆಕ್ಕು ಕಚ್ಚಿದ ಗಾಯ ಸೂಜಿಮೊನೆಯಷ್ಟಿದ್ದರೂ ಅವತ್ತೇ ಪಶುವೈದ್ಯರಿಗೆ ತೋರಿಸಿ. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗಳ ಜೀವ ತೆಗೆಯಬಲ್ಲದು.

ನಿಜವಾದ ಕೆಲಸ ಇರುವುದು ನಾಯಿಯ ಜೊತೆ. ರೆಕ್ಕೆ ಬಡಿದು ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಸುಮ್ನೆ ಆಟಕ್ಕೆ ಹಿಡಿದರೂ ಕೋಳಿ ಉಳಿಯುವುದು ಕಷ್ಟ. ಮೊದಲ ಕೆಲವು ವಾರ ನಡುವೆ ಜಾಲರಿ ಇರಲಿ. ಆಮೇಲೆ ಬೆಲ್ಟ್ ಹಾಕಿ, ದೂರದಲ್ಲಿ ಕೂರಿಸಿ. ಕೋಳಿಯಿಂದ ಕಣ್ಣು ತೆಗೆದು ನಿಮ್ಮ ಕಡೆ ನೋಡಿದಾಗಲೆಲ್ಲ ಏನಾದರೂ ತಿನ್ನಲು ಕೊಡಿ. ಅದು ಮೈ ಬಿಗಿ ಮಾಡಿ ದಿಟ್ಟಿಸುತ್ತಿದ್ದರೆ ಇನ್ನೂ ಹಿಂದೆ ಕರೆದುಕೊಂಡು ಹೋಗಿ. ಕೆಲವು ನಾಯಿಗಳು ಎಷ್ಟು ಕಲಿಸಿದರೂ ನಂಬಿಕೆಗೆ ಬರುವುದಿಲ್ಲ. ಅಂಥ ನಾಯಿಯಿದ್ದರೆ ಬೇಲಿ ಶಾಶ್ವತ, ಅದರಲ್ಲಿ ಬೇಜಾರು ಪಡುವಂಥದ್ದೇನೂ ಇಲ್ಲ. ನಮ್ಮ ನಾಯಿ ಈಗ ಕೋಳಿಗಳನ್ನು ತಿರುಗಿಯೂ ನೋಡುವುದಿಲ್ಲ. ಆದರೂ ಅವುಗಳನ್ನು ಒಟ್ಟಿಗೆ ಬಿಟ್ಟು ನಾನು ಹೊರಗೆ ಹೋಗುವುದಿಲ್ಲ.

ದಿನಚರಿ ಸುಲಭ. ಬೆಳಿಗ್ಗೆ ಗೂಡು ತೆಗೆದು ನೀರು, ಮೇವು ಇಡಬೇಕು. ಒಂದು ಹೇಟೆ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಮೊಟ್ಟೆ ಇಡುವುದು ಹೆಚ್ಚಾಗಿ ಮಧ್ಯಾಹ್ನದೊಳಗೆ, ಹಾಗಾಗಿ ನಾನು ಅದಾದ ಮೇಲೇ ಹಿತ್ತಿಲಿಗೆ ಬಿಡುತ್ತೇನೆ. ಇಲ್ಲಾಂದ್ರೆ ಮೊಟ್ಟೆ ಪೊದೆಯಲ್ಲಿ, ಆಮೇಲೆ ನಾಯಿಯ ಹೊಟ್ಟೆಯಲ್ಲಿ! ನಿಮ್ಮ ಹೂವಿನ ಪಾತಿಗೂ ಬೇಲಿ ಬೇಕು. ಕೋಳಿ ಕೆದರಿದ ಜಾಗದಲ್ಲಿ ಸಸಿ ಉಳಿಯುವುದಿಲ್ಲ.

ನಮ್ಮಲ್ಲಿ ತಮಾಷೆಯೆಂದರೆ, ನಾಯಿ ತಂಪಿಗೆ ಅಂತ ತೋಡಿದ ಗುಂಡಿಯೇ ಕೋಳಿಗಳ ಮಣ್ಣಿನ ಸ್ನಾನದ ಮನೆ. ಮೊದಲ ಸಲ ನೋಡುವವರು ಕೋಳಿ ಸಾಯುತ್ತಿದೆ ಅಂದುಕೊಳ್ಳುತ್ತಾರೆ, ಹಾಗೆ ಕಾಲು ಚಾಚಿ ಬಿದ್ದು ಹೊರಳಾಡುತ್ತವೆ. ಪುಕ್ಕದ ಜಿಡ್ಡು, ಹೇನು ಕಳೆದುಕೊಳ್ಳಲು ಅವಕ್ಕೆ ಅದು ಬೇಕೇ ಬೇಕು.

ಹೆಚ್ಚಿನ ಜಗಳ ಕೋಳಿಗಳ ಒಳಗೇ ನಡೆಯುತ್ತದೆ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಲೆಕ್ಕ ಅವುಗಳಲ್ಲಿ ಪಕ್ಕಾ ಇರುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥಾರ್ಲೀಫ್ ಶೆಲ್ಡರೂಪ್-ಎಬ್ಬೆ ಹುಡುಗನಾಗಿದ್ದಾಗಲೇ ಇದನ್ನು ಗಮನಿಸಲು ಶುರು ಮಾಡಿ, 1920ರ ದಶಕದಲ್ಲಿ ಅದರ ಬಗ್ಗೆ ಬರೆದರು. ಹೊಸ ಕೋಳಿ ತಂದರೆ ಒಮ್ಮೆಲೇ ಗುಂಪಿಗೆ ಬಿಡಬೇಡಿ. ಕಣ್ಣಿಗೆ ಕಾಣುವಂತೆ, ಕೊಕ್ಕಿಗೆ ಸಿಗದಂತೆ ಕೆಲವು ದಿನ ಪಕ್ಕದಲ್ಲಿಡಿ.

ನಾಯಿಗೆ ಕೋಳಿ ಹಿಕ್ಕೆ ಅಂದರೆ ಪ್ರಾಣ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು, ಆದ್ದರಿಂದ ಹಿಕ್ಕೆ ದಿನಾ ತೆಗೆಯಿರಿ. ಕೋಳಿ ಮುಟ್ಟಿದವರು, ಮಕ್ಕಳಂತೂ, ಸೋಪು ಹಾಕಿ ಕೈ ತೊಳೆಯಲೇಬೇಕು. ಮೇವು ಮುಚ್ಚಳದ ಡಬ್ಬದಲ್ಲಿರಲಿ, ಇಲ್ಲದಿದ್ದರೆ ಇಲಿಗಳೂ ನಿಮ್ಮ ಸಾಕುಪ್ರಾಣಿಗಳಾಗುತ್ತವೆ.

ಸಂಜೆ ಕತ್ತಲಾಗುವ ಹೊತ್ತಿಗೆ ಕೋಳಿಗಳು ತಾವಾಗಿ ಗೂಡು ಸೇರುತ್ತವೆ. ಕತ್ತಲಲ್ಲಿ ಅವಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಎಣಿಸಿ ಚಿಲಕ ಹಾಕುವುದನ್ನು ಒಂದು ದಿನವೂ ತಪ್ಪಿಸಬೇಡಿ. ತೆಳು ತಂತಿಯ ಬಲೆ ಕೋಳಿಯನ್ನು ತಡೆಯುತ್ತದೆ, ಹಸಿದ ಪ್ರಾಣಿಯನ್ನಲ್ಲ. ಗಟ್ಟಿ ಬೆಸುಗೆ ಜಾಲರಿ ಹಾಕಿಸಿ.

ಇನ್ನೊಂದು ಮಾತು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಎರಡು-ಮೂರು ವರ್ಷದ ನಂತರ ಮೊಟ್ಟೆ ಕಡಿಮೆಯಾಗುತ್ತಾ ಹೋಗುತ್ತದೆ, ಹೇಟೆ ಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ವರ್ಷ ಬದುಕುತ್ತದೆ. ಅದನ್ನು ನಾಯಿ, ಬೆಕ್ಕಿನಂತೆಯೇ ಕೊನೆತನಕ ಇಟ್ಟುಕೊಳ್ಳುವಿರಾ? ನಾವು ಇಟ್ಟುಕೊಂಡಿದ್ದೇವೆ. ಹೂಂ ಅಂದರೆ, ಬೆಳೆದ ಹೇಟೆಗಳನ್ನೇ ತನ್ನಿ. ಹುಂಜ ಬೇಡ, ಅದಿಲ್ಲದೆಯೂ ಮೊಟ್ಟೆ ಇಡುತ್ತವೆ.