ಓದುಗರ ಪ್ರಶ್ನೆ: ಸಿ++ ಕೋಡ್‌ಗೆ ಯಾವ ಟೆಸ್ಟ್ ಫ್ರೇಮ್‌ವರ್ಕ್?

ಪ್ರಶ್ನೆ: ಬಿಲ್ಲಿಂಗ್ ಲೈಬ್ರರಿಯೊಂದನ್ನು ಸಿ++17ರಲ್ಲಿ ಬರೆದಿದ್ದೇವೆ, ಬಿಲ್ಡ್ ಮಾಡಲು ಸಿಮೇಕ್ ಬಳಸುತ್ತೇವೆ. ಇದುವರೆಗೆ ಯೂನಿಟ್ ಟೆಸ್ಟ್ (ಕೋಡ್‌ನ ಒಂದೊಂದು ತುಣುಕನ್ನು ಪರೀಕ್ಷಿಸುವ ಚಿಕ್ಕ ಕೋಡ್) ಬರೆದಿಲ್ಲ. ಗೂಗಲ್ ಟೆಸ್ಟ್, ಕ್ಯಾಚ್2, ಡಾಕ್‌ಟೆಸ್ಟ್, ಈ ಮೂರರಲ್ಲಿ ಯಾವುದು ಒಳ್ಳೆಯದು?

ಉತ್ತರ: ಮೊದಲು ನಿಮಗೆ ಮಾಕ್ ಬೇಕೋ ಬೇಡವೋ ನೋಡಿಕೊಳ್ಳಿ. ಡೇಟಾಬೇಸ್, ಪ್ರಿಂಟರ್ ಇಂಥವುಗಳ ಜಾಗದಲ್ಲಿ ನಕಲಿ ಆಬ್ಜೆಕ್ಟ್ ಕೂರಿಸಿ ಪರೀಕ್ಷಿಸಬೇಕೆಂದರೆ ಗೂಗಲ್ ಟೆಸ್ಟ್ ತೆಗೆದುಕೊಳ್ಳಿ, ಗೂಗಲ್ ಮಾಕ್ ಅದರ ಜೊತೆಗೇ ಬರುತ್ತದೆ. ಉಳಿದೆರಡರಲ್ಲಿ ಮಾಕ್ ಇಲ್ಲ, ಬೇರೆ ಲೈಬ್ರರಿ ಸೇರಿಸಬೇಕು.

ಬರೀ ಲೆಕ್ಕಾಚಾರದ ಕೋಡ್ ಆದರೆ ನನ್ನ ಒಲವು ಕ್ಯಾಚ್2 ಕಡೆಗೆ. ಕಾರಣ ಅದರ ‘ಸೆಕ್ಷನ್’. ಟೆಸ್ಟ್ ಕೇಸ್‌ನ ಮೊದಲಲ್ಲಿ ಎರಡು ಐಟಂ ಇರುವ ಬಿಲ್ ಕಟ್ಟಿ, ಕೆಳಗೆ ‘ರಿಯಾಯಿತಿ’ ಒಂದು ಸೆಕ್ಷನ್, ‘ಐಟಂ ವಾಪಸ್’ ಇನ್ನೊಂದು ಸೆಕ್ಷನ್ ಬರೆದಿರಿ ಎನ್ನಿ. ಪ್ರತಿ ಸೆಕ್ಷನ್‌ಗೂ ಟೆಸ್ಟ್ ಕೇಸ್ ಮೊದಲಿನಿಂದ ಓಡುತ್ತದೆ. ಹಾಗಾಗಿ ರಿಯಾಯಿತಿ ಹಾಕಿದ ಬಿಲ್ ವಾಪಸ್ ಪರೀಕ್ಷೆಗೆ ಅಂಟಿಕೊಂಡು ಬರುವುದಿಲ್ಲ. ಗೂಗಲ್ ಟೆಸ್ಟ್‌ನಲ್ಲಿ ಇದಕ್ಕೆ ಫಿಕ್ಸ್ಚರ್ ಕ್ಲಾಸ್ (ಟೆಸ್ಟ್‌ಗಳಿಗೆ ಬೇಕಾದ ಸಮಾನ ತಯಾರಿ ಇಡುವ ಕ್ಲಾಸ್) ಬರೆಯಬೇಕು. ಅಲ್ಲೂ ಪ್ರತಿ ಟೆಸ್ಟ್‌ಗೆ ಹೊಸ ಆಬ್ಜೆಕ್ಟೇ ಸಿಗುತ್ತದೆ, ಬರವಣಿಗೆ ಮಾತ್ರ ಹೆಚ್ಚು.

ಇನ್ನೊಂದು ಅನುಕೂಲವೂ ಇದೆ. ಕ್ಯಾಚ್2ರಲ್ಲಿ ‘ರಿಕ್ವೈರ್’ ಒಳಗೆ ಮೊತ್ತ == 11800 ಎಂದು ಬರೆದರೆ ಸಾಕು, ತಪ್ಪಿದಾಗ ಎರಡೂ ಬದಿಯ ಮೌಲ್ಯ ತೋರಿಸುತ್ತದೆ. ಗೂಗಲ್ ಟೆಸ್ಟ್‌ನಲ್ಲಿ ಇದನ್ನೇ ‘ಎಕ್ಸ್‌ಪೆಕ್ಟ್ ಟ್ರೂ’ ಒಳಗೆ ಹಾಕಿದರೆ ‘ಫಾಲ್ಸ್’ ಎಂದಷ್ಟೇ ಹೇಳುತ್ತದೆ. ‘ಎಕ್ಸ್‌ಪೆಕ್ಟ್ ಈಕ್ಯೂ’ ಬಳಸಿ. (ಮೊತ್ತವನ್ನು ಪೈಸೆಯಲ್ಲಿ, ಇಂಟಿಜರ್ ಆಗಿಯೇ ಇಡಿ. 100 ರೂಪಾಯಿಗೆ ಶೇ 18 ಜಿಎಸ್‌ಟಿ ಸೇರಿದರೆ 11800 ಪೈಸೆ. ಇಂಥ ಲೆಕ್ಕಗಳನ್ನು ಡಬಲ್‌ನಲ್ಲಿ (ದಶಮಾಂಶ ಸಂಖ್ಯೆಯ ಟೈಪ್) ಇಟ್ಟು == ಹಾಕಿ ಹೋಲಿಸಿದರೆ ಸೂಕ್ಷ್ಮ ವ್ಯತ್ಯಾಸಕ್ಕೇ ಟೆಸ್ಟ್ ಸೋಲಬಹುದು.) ಸಿ ಶೈಲಿಯ ಸ್ಟ್ರಿಂಗ್ ಇದ್ದಲ್ಲಿ ‘ಈಕ್ಯೂ’ ಹೋಲಿಸುವುದು ಪಾಯಿಂಟರ್ ವಿಳಾಸವನ್ನು, ಅಕ್ಷರಗಳನ್ನಲ್ಲ, ಅಲ್ಲಿಗೆ ‘ಎಕ್ಸ್‌ಪೆಕ್ಟ್ ಸ್ಟ್ರೀಕ್ಯೂ’.

ಹಳೆಯ ಟ್ಯುಟೋರಿಯಲ್ ನೋಡಿ ಕ್ಯಾಚ್ ಹೆಡರ್ ಒಂದನ್ನೇ ಫೋಲ್ಡರ್‌ಗೆ ಹಾಕಿಕೊಳ್ಳಲು ಹೋಗಬೇಡಿ. 3ನೇ ಆವೃತ್ತಿಯಿಂದ ಅದನ್ನು ಲೈಬ್ರರಿಯಾಗಿ ಬಿಲ್ಡ್ ಮಾಡಿ ಲಿಂಕ್ ಮಾಡಬೇಕು. ಒಂದೇ ಹೆಡರ್, ಬೇಗ ಕಂಪೈಲ್ ಆಗಬೇಕು ಎನ್ನುವವರಿಗೆ ಡಾಕ್‌ಟೆಸ್ಟ್ ಇದೆ. ಅದರ ‘ಮೇನ್’ (ಪ್ರೋಗ್ರಾಂ ಶುರುವಾಗುವ ಫಂಕ್ಷನ್) ತರುವ ಮ್ಯಾಕ್ರೋ ಒಂದೇ ಒಂದು ಫೈಲ್‌ನಲ್ಲಿರಲಿ, ಎರಡರಲ್ಲಿದ್ದರೆ ಲಿಂಕರ್ (ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸುವ ಸಾಧನ) ‘ಮೇನ್ ಎರಡಿವೆ’ ಎಂದು ಗೋಳಾಡುತ್ತದೆ.

ಪ್ರಶ್ನೆ: ಗೂಗಲ್ ಟೆಸ್ಟ್ ಹಾಕಿ, ಟೆಸ್ಟ್ ಫೈಲ್‌ಗಳನ್ನೆಲ್ಲ ಒಂದು ಸ್ಟ್ಯಾಟಿಕ್ ಲೈಬ್ರರಿಯಲ್ಲಿಟ್ಟಿದ್ದೇನೆ. ಬಿಲ್ಡ್ ಸರಿಯಾಗುತ್ತದೆ, ಓಡಿಸಿದರೆ ‘0 ಟೆಸ್ಟ್’ ಎನ್ನುತ್ತದೆ!

ಉತ್ತರ: ತಪ್ಪು ಫ್ರೇಮ್‌ವರ್ಕ್‌ನದಲ್ಲ, ಲಿಂಕರ್ ತನ್ನ ಕೆಲಸ ಮಾಡಿದೆ. ನೀವು ಬರೆಯುವ ಪ್ರತಿ ಟೆಸ್ಟ್ ಮ್ಯಾಕ್ರೋ ಒಂದು ಗ್ಲೋಬಲ್ ವೇರಿಯಬಲ್ ಹುಟ್ಟಿಸುತ್ತದೆ. ‘ಮೇನ್’ ಶುರುವಾಗುವ ಮೊದಲೇ ಅದು ಟೆಸ್ಟ್‌ನ ಹೆಸರನ್ನು ಪಟ್ಟಿಗೆ ಸೇರಿಸುತ್ತದೆ. ಆದರೆ ಸ್ಟ್ಯಾಟಿಕ್ ಲೈಬ್ರರಿಯಿಂದ ಲಿಂಕರ್ ಎತ್ತಿಕೊಳ್ಳುವುದು ಬೇರೆ ಕೋಡ್‌ಗೆ ಬೇಕಾದ ಆಬ್ಜೆಕ್ಟ್ ಫೈಲ್‌ಗಳನ್ನು (ಕಂಪೈಲ್ ಆದ ಫೈಲ್‌ಗಳನ್ನು) ಮಾತ್ರ. ಟೆಸ್ಟ್ ಫೈಲನ್ನು ಬೇರೆ ಯಾವ ಕೋಡೂ ಕೇಳುವುದಿಲ್ಲ, ಅದು ಹೊರಗೇ ಉಳಿಯುತ್ತದೆ. ಕ್ಯಾಚ್2ರಲ್ಲೂ ಡಾಕ್‌ಟೆಸ್ಟ್‌ನಲ್ಲೂ ಇದೇ ಪಾಡು.

ಟೆಸ್ಟ್ ಫೈಲ್‌ಗಳನ್ನು ನೇರ ಎಕ್ಸಿಕ್ಯೂಟಬಲ್‌ಗೆ ಸೇರಿಸಿ. ಲೈಬ್ರರಿಯೇ ಬೇಕೆಂದರೆ ಸಿಮೇಕ್‌ನಲ್ಲಿ ‘ಸ್ಟ್ಯಾಟಿಕ್’ ಬದಲು ‘ಆಬ್ಜೆಕ್ಟ್’ ಎಂದು ಕೊಡಿ. ಗೂಗಲ್ ಟೆಸ್ಟ್ ಡೀಫಾಲ್ಟ್ ಆಗಿ ಸೊನ್ನೆ ಟೆಸ್ಟ್ ಓಡಿಸಿಯೂ ‘ಪಾಸ್’ ಎನ್ನುತ್ತದೆ, ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಹಸಿರು ತೋರಿಸುತ್ತದೆ. ಅದೇ ನಿಜವಾದ ಅಪಾಯ. ಕ್ಯಾಚ್2ರ 3ನೇ ಆವೃತ್ತಿ ಇಂಥಲ್ಲಿ ಫೇಲ್ ಎನ್ನುತ್ತದೆ.

ಪ್ರಶ್ನೆ: ಇಂಟ್ ಹಿಂದಿರುಗಿಸುವ ಹೆಲ್ಪರ್ ಫಂಕ್ಷನ್‌ನಲ್ಲಿ ‘ಅಸರ್ಟ್ ಈಕ್ಯೂ’ ಹಾಕಿದರೆ ಕಂಪೈಲ್ ಆಗುವುದಿಲ್ಲ. ಯಾಕೆ?

ಉತ್ತರ: ಗೂಗಲ್ ಟೆಸ್ಟ್‌ನ ‘ಅಸರ್ಟ್’ ಸೋತಾಗ ಬರಿಗೈಯಲ್ಲಿ ‘ರಿಟರ್ನ್’ ಮಾಡುತ್ತದೆ. ಆದ್ದರಿಂದ ವಾಯ್ಡ್ (ಏನನ್ನೂ ಹಿಂದಿರುಗಿಸದ) ಫಂಕ್ಷನ್‌ನಲ್ಲಿ ಮಾತ್ರ ನಡೆಯುತ್ತದೆ. ವಾಯ್ಡ್ ಮಾಡಿದರೂ ನಿಲ್ಲುವುದು ಹೆಲ್ಪರ್ ಮಾತ್ರ, ಅದನ್ನು ಕರೆದ ಟೆಸ್ಟ್ ಮುಂದುವರಿಯುತ್ತದೆ. ಅದನ್ನೂ ನಿಲ್ಲಿಸಬೇಕಾದರೆ ಕರೆಯನ್ನು ‘ಅಸರ್ಟ್ ನೋ ಫೇಟಲ್ ಫೈಲ್ಯೂರ್’ ಒಳಗೆ ಹಾಕಿ. ಕ್ಯಾಚ್2ರ ‘ರಿಕ್ವೈರ್’ ಎಕ್ಸೆಪ್ಷನ್ ಎಸೆಯುವುದರಿಂದ ಎಷ್ಟು ಒಳಗಿದ್ದರೂ ಟೆಸ್ಟ್‌ನಿಂದಲೇ ಆಚೆ ಬರುತ್ತದೆ. ಆದರೆ ದಾರಿಯಲ್ಲಿ ನಿಮ್ಮದೇ ಕೋಡ್ ಎಲ್ಲ ಎಕ್ಸೆಪ್ಷನ್ ಹಿಡಿಯುವ ‘ಕ್ಯಾಚ್’ ಬರೆದಿದ್ದರೆ ಆ ಎಕ್ಸೆಪ್ಷನ್ ಅಲ್ಲೇ ಸಿಕ್ಕಿಬೀಳುತ್ತದೆ, ಟೆಸ್ಟ್ ನಿಲ್ಲುವುದಿಲ್ಲ.